ಮನೆಯೋ, ಹಗಲು ಕೇಂದ್ರವೋ, ಗುಂಪು ಮನೆಯೋ: ಕರಾವಳಿಯ ಕುಟುಂಬಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಓದುಗರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷಗಳಿಂದ ಬದಲಾಗಿಲ್ಲ. ವಿಕಲಚೇತನ ಮಗನಿಗೋ ಮಗಳಿಗೋ 30 ದಾಟಿದೆ, ವಿಶೇಷ ಶಾಲೆ ಮುಗಿದು ಹಲವು ವರ್ಷಗಳಾಗಿವೆ, ನೋಡಿಕೊಳ್ಳುವ ತಾಯಿಗೆ 65 ಆಗಿದೆ, ಉಳಿದ ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇದ್ದಾರೆ. ಮನೆಗೆ ಹೋಂ ನರ್ಸ್ ಇಡುವುದೇ, ಹಗಲು ಆರೈಕೆ ಕೇಂದ್ರಕ್ಕೆ ಕಳುಹಿಸುವುದೇ, ವಸತಿ ಕೇಂದ್ರಕ್ಕೆ ಸೇರಿಸುವುದೇ, ಅಥವಾ ಈಚೆಗೆ ಕೇಳಿಬರುತ್ತಿರುವ ಗುಂಪು ಮನೆ (ಕೆಲವೇ ಮಂದಿ ಸಹಾಯಕರ ನೆರವಿನಲ್ಲಿ ಕೂಡಿ ಬಾಳುವ ಸಾಮಾನ್ಯ ಮನೆ) ಎಂಬುದನ್ನು ನಂಬುವುದೇ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಆಗಲೇ ಯಾವುದೋ ಒಂದು ಆಸ್ಪತ್ರೆಯ ವಾರ್ಡಿನಿಂದ ಮಾತನಾಡುತ್ತಿರುತ್ತಾರೆ. ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿರುತ್ತಾರೆ, ತೀರ್ಮಾನ ಎರಡು ದಿನದೊಳಗೆ ಆಗಬೇಕಾಗಿರುತ್ತದೆ. ಅಂಥ ಗಡಿಬಿಡಿ ಬರುವ ಮೊದಲೇ ಓದಿಕೊಳ್ಳಲೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ, ಅಧಿಕಾರಿಯೂ ಅಲ್ಲ. ನನ್ನ ತಮ್ಮನಿಗೆ ಬೌದ್ಧಿಕ ಅಸಾಮರ್ಥ್ಯವಿದೆ, ಜೊತೆಗೆ ಅಪಸ್ಮಾರವೂ ಇದೆ. ಉಡುಪಿಯ ನಮ್ಮ ಕುಟುಂಬ ಕಳೆದ 14 ವರ್ಷಗಳಲ್ಲಿ ಕೆಳಗೆ ಹೇಳುವ ದಾರಿಗಳಲ್ಲಿ ಮೂರನ್ನು ಸ್ವತಃ ನಡೆದು ನೋಡಿದೆ, ಒಂದರಲ್ಲಿ ಚೆನ್ನಾಗಿಯೇ ಎಡವಿದೆ.

ಮೊದಲಿಗೆ ಕಾನೂನಿನ ಒಂದು ಮಾತು, ಏಕೆಂದರೆ ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಲ್ಲುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಕಲಮು ವಿಕಲಚೇತನ ವ್ಯಕ್ತಿಗೆ ಸಮುದಾಯದಲ್ಲಿ ಬಾಳುವ ಹಕ್ಕಿದೆ ಎಂದು ಹೇಳುತ್ತದೆ. ಯಾವುದೋ ಒಂದು ನಿರ್ದಿಷ್ಟ ವ್ಯವಸ್ಥೆಯಲ್ಲೇ ಇರಬೇಕೆಂಬ ಕಟ್ಟುಪಾಡು ಅವರ ಮೇಲೆ ಬೀಳದಂತೆ, ಮನೆಯಲ್ಲೂ ವಸತಿಯಲ್ಲೂ ನೆರೆಹೊರೆಯಲ್ಲೂ ಬೇಕಾದ ನೆರವು, ವೈಯಕ್ತಿಕ ಸಹಾಯಕರ ಸೇವೆಯೂ ಸೇರಿದಂತೆ, ಸಿಗುವ ಹಾಗೆ ಸರಕಾರ ಪ್ರಯತ್ನಿಸಬೇಕು ಎಂದೂ ಅದೇ ಕಲಮು ಹೇಳುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿಯ ಆಶಯವೂ ಇದೇ. ಮಾನಸಿಕ ಕಾಯಿಲೆ ಇರುವವರ ಮಟ್ಟಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಕಲಮು ಇದನ್ನೇ ಹೇಳುತ್ತದೆ. ಕಾಯ್ದೆಯ ಪುಟದಲ್ಲಿರುವ ಹಕ್ಕಿಗೂ ನಮ್ಮ ಮನೆಯ ಓಣಿಯ ತುದಿಗೆ ಬೆಳಗ್ಗೆ ಎಂಟೂವರೆಗೆ ಬರಬೇಕಾದ ವ್ಯಾನಿಗೂ ನಡುವೆ ಬಹಳ ದೂರವಿದೆ, ನಿಜ. ಆದರೂ ಆಯ್ಕೆ ಮಾಡುವಾಗ ಯಾರ ಬದುಕಿಗಾಗಿ ಆಯ್ಕೆ ಮಾಡುತ್ತಿದ್ದೇವೆ ಎಂಬುದನ್ನು ಆ ಕಲಮು ನೆನಪಿಸುತ್ತದೆ.

ಅಳೆಯುವ ಕೋಲುಗಳು

ಯಾವ ಕೇಂದ್ರ ಒಳ್ಳೆಯದು ಎಂದು ಕೇಳುವುದಕ್ಕಿಂತ ಮೊದಲು ದಿನದ 24 ಗಂಟೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಹಾಸಿಗೆಯಿಂದ ಏಳಿಸುವುದು, ಬಚ್ಚಲು, ಊಟ, ಮಾತ್ರೆ, ಹೊರಗೆ ಹೋಗುವುದು, ರಾತ್ರಿ ಎಚ್ಚರವಾದಾಗ ಪಕ್ಕದಲ್ಲಿರುವುದು, ಹೀಗೆ ಯಾವ ಗಂಟೆಗೆ ಯಾವ ಕೈ ಬೇಕು ಎಂದು ಒಂದು ವಾರ ಪ್ರಾಮಾಣಿಕವಾಗಿ ಗುರುತು ಹಾಕಿದರೆ ಅರ್ಧ ತೀರ್ಮಾನ ಅಲ್ಲೇ ಸಿಗುತ್ತದೆ. ನಮ್ಮ ತಮ್ಮನಿಗೆ ದಿನವಿಡೀ ಆಳು ಬೇಕು ಎಂದು ನಾವು ವರ್ಷಗಟ್ಟಲೆ ನಂಬಿದ್ದೆವು. ಬರೆದು ನೋಡಿದಾಗ ಅವನಿಗೆ ನಿಜವಾಗಿ ಬೇಕಾದದ್ದು ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ, ರಾತ್ರಿ ಕೂಗಿದರೆ ಕೇಳುವಷ್ಟು ಹತ್ತಿರ ಒಬ್ಬರು. ಉಳಿದ ಹೊತ್ತು ಅವನಿಗೆ ಬೇಕಾದದ್ದು ಕೆಲಸ ಮತ್ತು ಜನ. ಅದನ್ನು ನಾವು ಕೊಟ್ಟೇ ಇರಲಿಲ್ಲ.

ಎರಡನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಆ ದಿನ ಯಾರ ಕೈಯಲ್ಲಿದೆ ಎಂಬುದು. ಎಷ್ಟು ಹೊತ್ತಿಗೆ ಏಳಬೇಕು, ಏನು ಉಣ್ಣಬೇಕು, ಯಾರ ಜೊತೆ ಕೋಣೆ ಹಂಚಿಕೊಳ್ಳಬೇಕು, ಬಾಗಿಲ ಚಿಲಕ ಒಳಗಿನಿಂದ ಹಾಕಬಹುದೇ, ಊರ ತೇರಿಗೋ ಚರ್ಚಿನ ಹಬ್ಬಕ್ಕೋ ಉರೂಸಿಗೋ ಹೋಗಿ ಬರಬಹುದೇ, ರಾತ್ರಿ ಯಕ್ಷಗಾನ ಅರ್ಧ ನೋಡಿ ಬರಬಹುದೇ ಎಂಬ ಸಣ್ಣ ಸಂಗತಿಗಳಲ್ಲೇ ಇದು ಗೊತ್ತಾಗುತ್ತದೆ. ಹುಟ್ಟಿದ ಮನೆಯಲ್ಲೂ ಈ ಸ್ವಾತಂತ್ರ್ಯ ಇಲ್ಲದಿರಬಹುದು ಎಂಬುದನ್ನು ನಾವು ಒಪ್ಪಿಕೊಳ್ಳುವುದಿಲ್ಲ. ನೆಂಟರು ಬಂದಾಗ ಒಳಕೋಣೆಗೆ ಕಳುಹಿಸುವ ಮನೆಗಳು ಈಗಲೂ ಇವೆ.

ಮೂರನೆಯದು ನಮ್ಮ ಕರಾವಳಿಗೇ ವಿಶೇಷವಾದ ಭಾಷೆಯ ಪ್ರಶ್ನೆ. ಮನೆಯಲ್ಲಿ ತುಳು ಅಥವಾ ಕೊಂಕಣಿ ಅಥವಾ ಬ್ಯಾರಿ ಮಾತ್ರ ಕೇಳಿ ಬೆಳೆದವರಿಗೆ, ಅದರಲ್ಲೂ ಮಾತು ಕಡಿಮೆ ಇರುವವರಿಗೆ, ಕನ್ನಡವಷ್ಟೇ ಬಲ್ಲ ಸಹಾಯಕರು ಎಷ್ಟೇ ಒಳ್ಳೆಯವರಾದರೂ ಮೊದಲ ಕೆಲವು ತಿಂಗಳು ಕತ್ತಲೆಯಂತೆ ಕಳೆಯುತ್ತವೆ. ಹೊಟ್ಟೆನೋವು ಎಂದು ಹೇಳಲಾಗದ ಸಿಟ್ಟನ್ನು ಹಟವೆಂದು ಬರೆದಿಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ.

ನಾಲ್ಕನೆಯದು ಮಳೆಗಾಲದ ದೂರ. ನಕ್ಷೆಯಲ್ಲಿ ಹತ್ತು ಕಿಲೋಮೀಟರು ಇರುವುದು ಜುಲೈ ತಿಂಗಳಲ್ಲಿ ಹತ್ತಾಗಿ ಉಳಿಯುವುದಿಲ್ಲ. ಸರಕಾರಿ ಬಸ್ಸಿನಲ್ಲಿ ವಿಕಲಚೇತನರಿಗೆ ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ ರಿಯಾಯಿತಿ ಪಾಸು ಇದೆ. ಆದರೆ ನಮ್ಮ ಎರಡು ಜಿಲ್ಲೆಗಳ ಸಿಟಿ ಮತ್ತು ಸರ್ವಿಸ್ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ಅವುಗಳ ಎತ್ತರದ ಮೆಟ್ಟಿಲಿಗೆ ಒಂದು ಕಾಲಿಡುವಷ್ಟರಲ್ಲಿ ಕಂಡಕ್ಟರ್ ‘ರೈಟ್ ಪೋಯಿ’ ಎಂದಾಗಿರುತ್ತದೆ. ಆದ್ದರಿಂದ ಬೇರೆ ಜಿಲ್ಲೆಯವರು ಪಾಸಿನ ಬಲದ ಮೇಲೆ ಹಾಕುವ ಲೆಕ್ಕ ಇಲ್ಲಿ ನಡೆಯುವುದಿಲ್ಲ, ರಿಕ್ಷಾದ ಅಥವಾ ವ್ಯಾನಿನ ಖರ್ಚನ್ನು ಬೇರೆಯಾಗಿಯೇ ಹಿಡಿಯಬೇಕು.

ಹಣ ಐದನೆಯದು, ಅದನ್ನು ತಿಂಗಳ ಲೆಕ್ಕದಲ್ಲಿ ನೋಡದೆ ಮೂವತ್ತು ವರ್ಷದ ಲೆಕ್ಕದಲ್ಲಿ ನೋಡಬೇಕು. ಆರನೆಯದು ಹಿಂದಿರುಗುವ ದಾರಿ: ಈ ಆಯ್ಕೆ ಹೊಂದದಿದ್ದರೆ ಮೂರು ತಿಂಗಳಲ್ಲಿ ಬಿಟ್ಟು ಬರಲು ಸಾಧ್ಯವೇ, ಕೊಟ್ಟ ಠೇವಣಿ ಮರಳಿ ಬರುತ್ತದೆಯೇ, ಮನೆಯಲ್ಲಿ ಅವರ ಕೋಣೆ ಹಾಗೇ ಉಳಿದಿರುತ್ತದೆಯೇ?

ಮನೆಯಲ್ಲೇ, ಸಂಬಳದ ಸಹಾಯಕರೊಂದಿಗೆ

ಹೆಚ್ಚಿನ ಕುಟುಂಬಗಳ ಮನಸ್ಸು ಮೊದಲು ವಾಲುವುದು ಇಲ್ಲಿಗೆ. ಎರಡನೆಯ ಮತ್ತು ಆರನೆಯ ಅಳತೆಗಳಲ್ಲಿ ಇದಕ್ಕೆ ಸಾಟಿಯಿಲ್ಲ; ತನ್ನ ಮಂಚ, ತನ್ನ ಅಂಗಳ, ತಿಳಿದ ನಾಯಿ, ಕುಚ್ಚಲಕ್ಕಿಯ ಗಂಜಿ. ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಅವರ ಬುದ್ಧಿಗೂ ತೀರ್ಮಾನಶಕ್ತಿಗೂ ಏನೂ ಆಗಿರುವುದಿಲ್ಲ. ಬೇಕಾದದ್ದು ಬೆಳಗಿನ ಎರಡು ಗಂಟೆಯ ಸಹಾಯ, ಒತ್ತುಹುಣ್ಣು ಆಗದಂತೆ ಮೈ ಹೊರಳಿಸುವ ಶಿಸ್ತು, ಗಾಲಿಕುರ್ಚಿ ಓಡಾಡುವ ಮನೆ. ಇಂಥವರನ್ನು ವಸತಿ ಕೇಂದ್ರಕ್ಕೆ ಸೇರಿಸುವುದು, ಮನೆ ಸರಿಪಡಿಸುವ ಖರ್ಚು ಉಳಿಸಲು ಮನುಷ್ಯನನ್ನು ಸ್ಥಳಾಂತರಿಸಿದಂತೆ.

ಮನೆ ಸರಿಪಡಿಸುವುದಕ್ಕೂ ಲೆಕ್ಕವಿದೆ. ಇಳಿಜಾರು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ನಮ್ಮ ಕಡೆಯ ಎರಡು ಅಡಿ ಎತ್ತರದ ಜಗಲಿಗೆ 24 ಅಡಿ ಬೇಕಾಗುತ್ತದೆ, ಅಂಗಳ ಸಣ್ಣದಿದ್ದರೆ ಮಡಚಿ ಕಟ್ಟಬೇಕು. ಮೇಲ್ಮೈಗೆ ನಯವಾದ ಟೈಲ್ಸ್ ಹಾಕಿಸಬೇಡಿ, ಆಗಸ್ಟ್ ಹೊತ್ತಿಗೆ ಹಾವಸೆ ಕಟ್ಟಿ ಅದು ಮೆಟ್ಟಿಲಿಗಿಂತ ಅಪಾಯಕಾರಿಯಾಗುತ್ತದೆ. ಒರಟು ಸಿಮೆಂಟು, ಮೇಲೊಂದು ಶೀಟಿನ ಮಾಡು ಸಾಕು. ಬಾಗಿಲು 90 ಸೆಂಟಿಮೀಟರು ಅಗಲವಿರಲಿ. ಹೊರಗಿನ ಬಚ್ಚಲನ್ನು ಒಳಗೆ ತರುವುದಕ್ಕೆ ತಗಲುವ ಒಮ್ಮೆಯ ಖರ್ಚು ಹಲವು ತಿಂಗಳ ಹೋಂ ನರ್ಸ್ ಸಂಬಳಕ್ಕೆ ಸಮನಾಗಬಹುದು, ಆದರೂ ಮಾಡಿಸಿ. ಮಣಿಪಾಲದ ‘ಕಾಲೇಜ್ ಆಫ್ ಹೆಲ್ತ್ ಪ್ರೊಫೆಶನ್ಸ್’ನಲ್ಲಿ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ವಿಭಾಗವಿದೆ. ಮೇಸ್ತ್ರಿಯನ್ನು ಕರೆಯುವ ಮೊದಲು ಅಂಥ ತಜ್ಞರೊಬ್ಬರ ಸಲಹೆ ಕೇಳಿದರೆ ಎರಡು ಸಲ ಒಡೆದು ಕಟ್ಟುವುದು ತಪ್ಪುತ್ತದೆ.

ತೊಂದರೆ ಇರುವುದು ಐದನೆಯ ಅಳತೆಯಲ್ಲಿ. ತಿಂಗಳಿಗೆ 18,000 ರೂಪಾಯಿ ಸಂಬಳ ಎಂದಿಟ್ಟುಕೊಳ್ಳೋಣ (ಇದು ಲೆಕ್ಕಕ್ಕೆ ಹಿಡಿದ ಅಂಕಿ, ಊರಿನಿಂದ ಊರಿಗೆ ದರ ಬೇರೆಯೇ ಇರುತ್ತದೆ). ವರ್ಷಕ್ಕೆ 2,16,000 ಆಯಿತು. ಸಂಬಳ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷಕ್ಕೆ ಅದು ದುಪ್ಪಟ್ಟಾಗುತ್ತದೆ. ನಿವೃತ್ತಿಯ ಹಣದ ಬಡ್ಡಿ ಹಾಗೆ ಏರುವುದಿಲ್ಲ. ಏಜೆನ್ಸಿಯ ಮೂಲಕ ಬಂದವರಾದರೆ ಕಮಿಷನ್ ಬೇರೆ. ಹಬ್ಬಕ್ಕೆ ಊರಿಗೆ ಹೋದವರು ಮರಳದಿದ್ದರೆ ಬದಲಿ ಬರುವ ತನಕ ನೀವೇ. ಇನ್ನೊಂದು ಸೂಕ್ಷ್ಮವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಮನೆಯಲ್ಲಿ ಮೂರನೆಯವರ ಕಣ್ಣಿಲ್ಲ. ತಂದೆತಾಯಿ ತೀರಿಹೋದ ಮೇಲೆ ಬೆಂಗಳೂರಿನಲ್ಲಿರುವ ಅಕ್ಕ ಫೋನಿನಲ್ಲಿ ನಡೆಸುವ ಮನೆಯಲ್ಲಿ ಸಹಾಯಕಿ ಏನು ಮಾಡುತ್ತಾಳೆ ಎಂದು ತಿಳಿಯಲು ಗೋಡೆಯ ಕ್ಯಾಮೆರಾ ಸಾಲದು, ಪಕ್ಕದ ಮನೆಯವರು ದಿನಕ್ಕೊಮ್ಮೆ ಬಂದು ಹೋಗುವ ರೂಢಿ ಇರಬೇಕು.

ಹಗಲು ಕೇಂದ್ರ

ನಮ್ಮ ಭಾಗದಲ್ಲಿ ಮಕ್ಕಳ ಮಟ್ಟಿಗೆ ವಿಶೇಷ ಶಾಲೆಗಳ ಪರಂಪರೆ ಗಟ್ಟಿಯಾಗಿದೆ. ಮಂಗಳೂರಿನ ಸೈಂಟ್ ಆಗ್ನೆಸ್ ವಿಶೇಷ ಶಾಲೆ, ಶಕ್ತಿನಗರದ ಸಾನಿಧ್ಯ, ಉಡುಪಿಯ ಆಶಾ ನಿಲಯ, ಪಾಂಬೂರಿನ ಮಾನಸ ಇವುಗಳ ಹೆಸರು ಕೇಳದ ಪಾಲಕರು ಕಡಿಮೆ. ಬಿಕ್ಕಟ್ಟು ಶುರುವಾಗುವುದು ಶಾಲೆಯ ವಯಸ್ಸು ಮುಗಿದಾಗ. ಹದಿನೈದು ವರ್ಷ ಬೆಳಗ್ಗೆ ಚೀಲ ಹಿಡಿದು ಹೊರಟವನು ಒಂದು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಜಗಲಿಯಲ್ಲಿ ಕೂರುತ್ತಾನೆ, ಆರು ತಿಂಗಳಲ್ಲಿ ಕಲಿತದ್ದು ಮರೆಯುತ್ತದೆ, ತೂಕ ಏರುತ್ತದೆ, ಸಿಟ್ಟು ಬರುತ್ತದೆ. ಹಗಲು ಕೇಂದ್ರ ತುಂಬಬೇಕಾದದ್ದು ಈ ತೆರಪನ್ನು.

ನಾನು ಎಲ್ಲಕ್ಕಿಂತ ಹೆಚ್ಚು ಒಲವು ತೋರಿಸುವುದು ಮನೆ ಮತ್ತು ಹಗಲು ಕೇಂದ್ರ ಸೇರಿದ ವ್ಯವಸ್ಥೆಗೆ, ಅದನ್ನು ಮುಚ್ಚಿಡುವುದಿಲ್ಲ. ದಿನಕ್ಕೆ ಆರು ಗಂಟೆ ಅವರಿಗೆ ಜನ ಸಿಗುತ್ತಾರೆ, ತಾಯಿಗೆ ಆರು ಗಂಟೆ ಬಿಡುವು ಸಿಗುತ್ತದೆ, ಹೊರಗಿನ ನಾಲ್ಕು ಕಣ್ಣುಗಳು ಮೈಮೇಲಿನ ಗಾಯವನ್ನೋ ಬಾಡಿದ ಮುಖವನ್ನೋ ಗಮನಿಸುತ್ತವೆ, ಹೊಂದದಿದ್ದರೆ ನಾಳೆಯಿಂದ ಕಳುಹಿಸದೆ ಇರಬಹುದು. 1999ರ ಕಾಯ್ದೆಯಡಿ ಹುಟ್ಟಿದ ಕೇಂದ್ರ ಸರಕಾರದ ಸಂಸ್ಥೆ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್); ಅದರ ‘ವಿಕಾಸ’ ಯೋಜನೆ (ಈಗ ‘ದಿಶಾ’ ಯೋಜನೆಯೊಂದಿಗೆ ಸೇರಿಸಿರುವುದು) ಇರುವುದೇ ಇಂಥ ಹಗಲು ಆರೈಕೆಗಾಗಿ. ಗೇರು ನೆಡುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ಎಂಡೋಸಲ್ಫಾನ್‌ನಿಂದ ಬಾಧಿತರಾದವರಿಗಾಗಿ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ, ಪುತ್ತೂರು ಕಡೆಯ ಕೊಯಿಲದಲ್ಲಿ ಹಗಲು ಕೇಂದ್ರಗಳು ತೆರೆದವು; ನಗರದಿಂದ ಇಷ್ಟು ದೂರದ ಹಳ್ಳಿಯಲ್ಲೂ ಈ ಮಾದರಿ ಸಾಧ್ಯ ಎಂಬುದಕ್ಕೆ, ಹಾಗೆಯೇ ಅದಕ್ಕೆ ನೊಂದ ಕುಟುಂಬಗಳು ಎಷ್ಟು ವರ್ಷ ಹೋರಾಡಬೇಕಾಯಿತು ಎಂಬುದಕ್ಕೆ, ಅವು ಸಾಕ್ಷಿ.

ಕೊರತೆಗಳೂ ಇವೆ. ರಾತ್ರಿಯ ಪ್ರಶ್ನೆಗೆ ಹಗಲು ಕೇಂದ್ರದಲ್ಲಿ ಉತ್ತರವಿಲ್ಲ, ತಂದೆತಾಯಿಯ ನಂತರದ ಪ್ರಶ್ನೆಗೂ ಇಲ್ಲ. ಹೆಚ್ಚಿನ ಆರೈಕೆ ಬೇಕಾದವರನ್ನು, ಅಂದರೆ ಶೌಚಕ್ಕೆ ಪೂರ್ಣ ಸಹಾಯ ಬೇಕಾದವರನ್ನು ಅಥವಾ ಕೈಯೆತ್ತುವವರನ್ನು, ಕೆಲವು ಕಡೆ ಸೌಮ್ಯವಾದ ಮಾತಿನಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ. ಆಟಿಸಂ ಇರುವ, ಸದ್ದು ಸಹಿಸದ ಯುವಕನಿಗೆ ಮೂವತ್ತು ಮಂದಿಯ ಒಂದೇ ಹಾಲ್ ಶಿಕ್ಷೆಯಾಗುತ್ತದೆ. ಅವನಿಗೆ ವಾರದಲ್ಲಿ ಎರಡು ದಿನ, ಅರ್ಧ ದಿನ, ಮೂಲೆಯ ಕೋಣೆ ಎಂಬ ಒಪ್ಪಂದ ಸಾಧ್ಯವೇ ಎಂದು ಕೇಳಬೇಕು, ಕೇಳಿದವರಿಗೆ ಸಿಕ್ಕಿದೆ.

ಕೇಂದ್ರದಲ್ಲಿ ಏನು ಮಾಡಿಸುತ್ತಾರೆ ಎಂಬುದನ್ನೂ ಗಮನಿಸಿ. ಹತ್ತು ವರ್ಷ ಅದೇ ಮೇಣದ ಬತ್ತಿ, ಅದೇ ಕಾಗದದ ಲಕೋಟೆ ಮಾಡಿಸುವ ಕೇಂದ್ರಕ್ಕೂ, ತೋಟದಲ್ಲಿ, ಅಡುಗೆಮನೆಯಲ್ಲಿ, ಪಕ್ಕದ ಅಂಗಡಿಯಲ್ಲಿ ಕೆಲಸ ಹುಡುಕಿಕೊಡುವ ಕೇಂದ್ರಕ್ಕೂ ಬಹಳ ಅಂತರ. ಶಂಕರಪುರದ ಕಡೆ ಮನೆಯವರೊಂದಿಗೆ ಕೂತು ಮಲ್ಲಿಗೆ ಕಟ್ಟಬಲ್ಲವಳಿಗೆ ಯಾವ ತರಬೇತಿಯ ಪ್ರಮಾಣಪತ್ರವೂ ಬೇಕಿಲ್ಲ, ದಿನದ ಕೊನೆಗೆ ಅವಳ ಕೈಗೇ ಬರುವ ನೋಟು ಬೇಕು.

ದೊಡ್ಡ ವಸತಿ ಕೇಂದ್ರ

ಇಲ್ಲಿ ನಾವು ಎಡವಿದೆವು. ಅಮ್ಮನ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ತಮ್ಮನನ್ನು ಒಂದು ವಸತಿ ಕೇಂದ್ರಕ್ಕೆ ಸೇರಿಸಿದೆವು. ಸ್ವಚ್ಛವಾಗಿತ್ತು, ಶಾಂತವಾಗಿತ್ತು, ಶುಲ್ಕವೂ ಹೋಂ ನರ್ಸ್‌ಗಿಂತ ಕಡಿಮೆಯಿತ್ತು. ತಿಂಗಳಿಗೊಂದು ಭಾನುವಾರ ಮಾತ್ರ ಭೇಟಿ ಎಂದಾಗ ನಾನು ಪ್ರಶ್ನಿಸಬೇಕಿತ್ತು. ನಾಲ್ಕು ತಿಂಗಳ ಮೇಲೆ ಕರೆತಂದಾಗ ಅವನು ಒಂಬತ್ತು ಕಿಲೋ ಇಳಿದಿದ್ದ. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ ಅವನಿಗೆ ಸೇರದು ಎಂದು ಯಾರಿಗೂ ಗೊತ್ತಾಗಿರಲಿಲ್ಲ, 60 ಮಂದಿಯ ಪಂಕ್ತಿಯಲ್ಲಿ ಒಬ್ಬನ ತಟ್ಟೆಯನ್ನು ನೋಡುವಷ್ಟು ಕಣ್ಣುಗಳಿರಲಿಲ್ಲ. ಎಲ್ಲ ವಸತಿ ಕೇಂದ್ರಗಳೂ ಹೀಗೆ ಎಂದು ನಾನು ಹೇಳುವುದಿಲ್ಲ. ಆದರೆ ಸಂಖ್ಯೆ ದೊಡ್ಡದಾದಂತೆ ದಿನದ ಹಿಡಿತ ಗಂಟೆ ಬಾರಿಸುವವರ ಕೈಗೆ ಹೋಗುವುದು ಸಹಜ.

ಹಾಗಾದರೆ ಇದು ಯಾರಿಗೆ? ರಾತ್ರಿಯಿಡೀ ಶುಶ್ರೂಷೆ ಬೇಕಾದವರಿಗೆ, ಹತ್ತಿರದ ಬಂಧುಗಳೇ ಇಲ್ಲದವರಿಗೆ, ಮನೆಯಲ್ಲಿ ಹಿಂಸೆ ಇದ್ದವರಿಗೆ, ತಿಂಗಳ ಖರ್ಚಿಗೆ ಕೈಯಲ್ಲಿ ಹಣವೇ ಇಲ್ಲದೆ ದಾನದ ಮೇಲೆ ನಡೆಯುವ ಕೇಂದ್ರವೊಂದೇ ಆಸರೆಯಾದವರಿಗೆ. ಅಂಥವರಿಗೆ ಇದನ್ನು ಬೇಡ ಎನ್ನುವ ಹಕ್ಕು ನನಗಿಲ್ಲ. ಸೇರಿಸುವ ಮೊದಲು 2016ರ ಕಾಯ್ದೆಯ 50ನೇ ಕಲಮಿನಂತೆ ಸಂಸ್ಥೆಗೆ ನೋಂದಣಿ ಪ್ರಮಾಣಪತ್ರ ಇದೆಯೇ ಎಂದು ನೋಡಿ, ಇಲ್ಲದೆ ನಡೆಸುವಂತಿಲ್ಲ. ವಿಶೇಷ ಶಿಕ್ಷಕರಿಗೂ ವಾಕ್ ಚಿಕಿತ್ಸಕರಿಗೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಲು ಸಂಕೋಚ ಬೇಡ.

ಗುಂಪು ಮನೆ

ನಾಲ್ಕರಿಂದ ಆರು ಮಂದಿ, ಸಾಮಾನ್ಯ ಬಡಾವಣೆಯ ಸಾಮಾನ್ಯ ಮನೆ, ಹಗಲು ರಾತ್ರಿ ಪಾಳಿಯ ಸಹಾಯಕರು, ಹಗಲಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೋ ಕೇಂದ್ರಕ್ಕೋ ಹೋಗಿ ಸಂಜೆ ಮನೆಗೆ ಬರುವುದು: ಗುಂಪು ಮನೆ ಎಂದರೆ ಇಷ್ಟೇ. ರಾಷ್ಟ್ರೀಯ ನ್ಯಾಸದ ‘ಘರೌಂದಾ’ ಯೋಜನೆ (ಈಗ ‘ಸಮರ್ಥ್’ ಯೋಜನೆಯೊಂದಿಗೆ ಸೇರಿಸಿರುವುದು) 18 ದಾಟಿದವರ ಜೀವಮಾನದ ವಾಸಕ್ಕೆ ಉದ್ದೇಶಿಸಿದ್ದಾದರೂ ಅದರಲ್ಲಿ ಒಂದು ಕಡೆ ಇರುವವರ ಸಂಖ್ಯೆ ನಾನು ಹೇಳುವ ಗುಂಪು ಮನೆಗಿಂತ ದೊಡ್ಡದು. ನಮ್ಮ ಎರಡು ಜಿಲ್ಲೆಗಳಲ್ಲಿ ನಿಜವಾದ ಸಣ್ಣ ಗುಂಪು ಮನೆ ಬಯಸುವವರಿಗೆ ಸಿಗುವುದು ಕಷ್ಟ. ಹಾಗಾಗಿ ಕೆಲವು ಪಾಲಕರು ತಾವೇ ಕಟ್ಟಿಕೊಳ್ಳುವ ಮಾತಾಡುತ್ತಾರೆ. ಒಳ್ಳೆಯ ಮಾತು, ಆದರೆ ಲೆಕ್ಕ ಹಾಕಿ ಆಡಬೇಕಾದ ಮಾತು.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಬಾಡಿಗೆ 16,000, ಇಬ್ಬರು ಹಗಲಿನ ಸಹಾಯಕರಿಗೆ 36,000, ರಾತ್ರಿಯವರಿಗೆ 15,000, ಅಡುಗೆಯವರಿಗೆ 9,000, ದಿನಸಿ, ಕರೆಂಟು, ಔಷಧಿ ಇತ್ಯಾದಿಗೆ 24,000, ಒಟ್ಟು ಒಂದು ಲಕ್ಷ. ಐವರು ಹಂಚಿಕೊಂಡರೆ ತಲೆಗೆ 20,000. ಒಂಟಿಯಾಗಿ ಹೋಂ ನರ್ಸ್ ಇಟ್ಟುಕೊಂಡ ಮನೆಯ ಒಟ್ಟು ಖರ್ಚಿಗಿಂತ ಕಡಿಮೆಯೇ. ಈಗ ಒಂದು ಕುಟುಂಬ ಬಿಟ್ಟು ಹೋಯಿತೆನ್ನಿ. ದಿನಸಿಯಲ್ಲಿ 5,000 ಉಳಿದರೂ ನಾಲ್ವರ ಪಾಲು 23,750ಕ್ಕೆ ಏರುತ್ತದೆ. ಗುಂಪು ಮನೆ ಮುರಿದು ಬೀಳುವುದು ಜಗಳದಿಂದಲ್ಲ, ಈ 3,750ರಿಂದ. ಆದ್ದರಿಂದ ಪ್ರತಿ ಕುಟುಂಬವೂ ಆರು ತಿಂಗಳ ಪಾಲನ್ನು ಮೊದಲೇ ಜಂಟಿ ಖಾತೆಯಲ್ಲಿಡುವುದು, ಬಿಡುವವರು ಮೂರು ತಿಂಗಳ ನೋಟಿಸು ಕೊಡುವುದು, ಬರವಣಿಗೆಯ ಕರಾರು ಇರುವುದು ಅಗತ್ಯ. ಟ್ರಸ್ಟ್ ಆಗಿಯೋ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿಯೋ ನೋಂದಾಯಿಸಬಹುದು, ಸಂಘಕ್ಕೆ ಕನಿಷ್ಠ 7 ಮಂದಿ ಬೇಕು.

ಬಾಡಿಗೆಗೆ ಮನೆ ಸಿಗುವುದು ಬೇರೆಯೇ ಕಥೆ. ಮಾಲೀಕರು ‘ಹಾಗಲ್ಲ, ಅಕ್ಕಪಕ್ಕದವರು ಏನೆನ್ನುತ್ತಾರೋ’ ಎನ್ನುತ್ತಾರೆ. ಅಂಥ ಕಡೆ ವಾದ ಮಾಡುವುದಕ್ಕಿಂತ, ಮಕ್ಕಳೆಲ್ಲ ವಿದೇಶದಲ್ಲಿದ್ದು ಖಾಲಿ ಬಿದ್ದಿರುವ ಪಾಲಕರದೇ ಒಂದು ಮನೆಯಿಂದ ಶುರುಮಾಡುವುದು ನಮ್ಮೂರಿನಲ್ಲಿ ಸುಲಭ. ಹಾಗೆ ಮಾಡಿದರೂ ಆ ಮನೆ ಒಬ್ಬರ ಮನೆಯಾಗಿ ಉಳಿಯದಂತೆ ಬಾಡಿಗೆ ಕರಾರು ಮಾಡಿಕೊಳ್ಳಿ. ಮನೆಯವನ ಮಗ ಯಜಮಾನ, ಉಳಿದವರು ಅತಿಥಿಗಳು ಎಂದಾದರೆ ಎರಡನೆಯ ಅಳತೆ ಅಲ್ಲೇ ಸೋತಂತೆ.

ತಾವೇ ಬೇರೆ ಮನೆ ಮಾಡುವವರು

ಕುರುಡುತನ, ಕಿವುಡುತನ, ಚಲನೆಯ ಅಸಾಮರ್ಥ್ಯ ಇದ್ದು ಸಂಪಾದನೆ ಇರುವವರ ವಿಷಯದಲ್ಲಿ ನಾನು ಹೆಚ್ಚು ಹೇಳಬೇಕಾಗಿಲ್ಲ. ನೆಲಮಹಡಿಯ ಮನೆ, ಹತ್ತಿರದ ಬಸ್ ನಿಲ್ದಾಣ, ವಾರಕ್ಕೆ ಕೆಲವು ಗಂಟೆಯ ಸಹಾಯ ಸಾಕು, ಮನೆಯವರ ಹೆದರಿಕೆಯೇ ಅವರಿಗೆ ದೊಡ್ಡ ಅಡ್ಡಿ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರು ಆಸ್ಪತ್ರೆಯಿಂದ ನೇರ ಒಂಟಿ ಕೋಣೆಗೆ ಹೋಗುವುದು ಬೇಡ, ನಡುವೆ ಕೆಲವು ತಿಂಗಳ ಪುನರ್ವಸತಿ ವಾಸ ಇರಲಿ. ಮಣಿಪಾಲದ ಹೊಂಬೆಳಕು ಇಂಥ ಉದ್ದೇಶಕ್ಕಾಗಿ ಇರುವ ಕೇಂದ್ರ. ಇವರಿಗೆ ರಾಷ್ಟ್ರೀಯ ನ್ಯಾಸದ ಯೋಜನೆಗಳು ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ: 1999ರ ಆ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹು ಅಸಾಮರ್ಥ್ಯ ಈ ನಾಲ್ಕಕ್ಕೆ ಮಾತ್ರ.

ಹಣ ಮತ್ತು ಕಾಗದ

ಯಾವ ದಾರಿ ಹಿಡಿದರೂ ಮೊದಲು ಬೇಕಾದದ್ದು ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಆಮೇಲೆ ಮಾಸಾಶನ, ಅದು ಹೋಂ ನರ್ಸ್‌ನ ಕೆಲವು ದಿನದ ಸಂಬಳಕ್ಕೆ ಸಾಲುವುದೂ ಕಷ್ಟ, ಆದರೂ ಬಿಡಬೇಡಿ. ಮೇಲೆ ಹೇಳಿದ ನಾಲ್ಕು ವರ್ಗದವರಿಗೆ ‘ನಿರಾಮಯ’ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಕೊಡುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ, ಮುಂಚಿತ ವೈದ್ಯಕೀಯ ಪರೀಕ್ಷೆ ಇಲ್ಲ. ವರ್ಷ ವರ್ಷ ನವೀಕರಿಸಲು ಮರೆಯುವುದೇ ಇಲ್ಲಿ ಆಗುವ ನಷ್ಟ. ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ ಅವಲಂಬಿತರ ಸಲುವಾಗಿ 75,000 ರೂಪಾಯಿ, ಅಸಾಮರ್ಥ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ ಪಡೆಯಬಹುದು. ಸರಕಾರಿ ಕೆಲಸದಲ್ಲಿದ್ದ ತಂದೆ ಅಥವಾ ತಾಯಿಯ ಕುಟುಂಬ ಪಿಂಚಣಿ ಸ್ವಂತ ಸಂಪಾದನೆಯಿಲ್ಲದ ವಿಕಲಚೇತನ ಮಗ ಅಥವಾ ಮಗಳಿಗೆ ಜೀವಮಾನವಿಡೀ ಸಿಗುತ್ತದೆ. ಪಿಂಚಣಿ ದಾಖಲೆಯಲ್ಲಿ ಅವರ ಹೆಸರನ್ನು ನೀವು ಬದುಕಿರುವಾಗಲೇ ಸೇರಿಸಿ. ಬಜೆಟ್ ಬಿಗಿಯಿರುವ ಮನೆಗಳು ಇನ್ನೊಂದು ಬಾಗಿಲು ತಟ್ಟಬೇಕು: ಪಂಚಾಯತು, ನಗರಸಭೆ, ಪಾಲಿಕೆಗಳು ಶೇಕಡಾ 5ರಷ್ಟು ಹಣವನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಇಳಿಜಾರಿಗೋ ಶೌಚಾಲಯಕ್ಕೋ ಅರ್ಜಿ ಹಾಕಲು ಗ್ರಾಮ ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ; ಅವರೂ ವಿಕಲಚೇತನರೇ ಆಗಿರುವುದರಿಂದ ದಾರಿ ತಿಳಿದಿರುತ್ತದೆ.

ಹದಿನೆಂಟು ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲ. ಆ ನಾಲ್ಕು ವರ್ಗದವರಿಗೆ ಜಿಲ್ಲಾಧಿಕಾರಿಯವರ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಕುಟುಂಬದ ಮನೆ ಪಾಲಾಗುವ ಸಂದರ್ಭದಲ್ಲಿ ‘ಅವನನ್ನು ನಾವೇ ನೋಡಿಕೊಳ್ಳುತ್ತೇವೆ’ ಎಂಬ ಬಾಯಿಮಾತಿಗೆ ಅವನ ಪಾಲನ್ನು ಬಿಟ್ಟುಕೊಡಬೇಡಿ. ಎಲ್ಲರಿಗೂ ಪೋಷಕರು ಬೇಕೆಂದೂ ಇಲ್ಲ. ತನ್ನ ಇಷ್ಟ ಹೇಳಬಲ್ಲವರಿಗೆ ತೀರ್ಮಾನಿಸಲು ನೆರವು ಸಾಕಾಗುತ್ತದೆ, ಸಹಿಯ ಅಧಿಕಾರವನ್ನು ಕಿತ್ತುಕೊಳ್ಳುವುದು ಕೊನೆಯ ಹೆಜ್ಜೆಯಾಗಿರಲಿ.

ಯಾರಿಗೆ ಯಾವುದು

ತಂದೆತಾಯಿ ಗಟ್ಟಿಯಿದ್ದು, ಐದಾರು ಕಿಲೋಮೀಟರಿನಲ್ಲಿ ಕೇಂದ್ರವಿದ್ದು, ಕೈಯಲ್ಲಿ ಸ್ವಲ್ಪವೇ ಹಣವಿರುವವರು ಮನೆ ಮತ್ತು ಹಗಲು ಕೇಂದ್ರವನ್ನು ಹಿಡಿಯಲಿ. ಜೊತೆಗೆ ವರ್ಷಕ್ಕೆ ಎರಡು ಸಲ ಒಂದು ವಾರದ ಅಲ್ಪಾವಧಿ ವಾಸವನ್ನು ಬೇರೆಡೆ ರೂಢಿ ಮಾಡಿಸಲಿ, ಆಗ ತಾಯಿ ಆಸ್ಪತ್ರೆ ಸೇರಿದ ದಿನವೇ ಅವರ ಜೀವನದ ಮೊದಲ ಹೊರಗಿನ ರಾತ್ರಿ ಆಗುವುದಿಲ್ಲ. ದೇಹದ ಸಹಾಯ ಮಾತ್ರ ಬೇಕಾದವರು ಮನೆ ಸರಿಪಡಿಸುವುದಕ್ಕೆ ಹಣ ಹಾಕಲಿ. ತಂದೆತಾಯಿಗೆ 60 ದಾಟಿದ್ದು, ಒಂದಿಷ್ಟು ಪಿಂಚಣಿಯೋ ಬಾಡಿಗೆಯೋ ಬರುವವರು, ಮನಸ್ಸು ಹೊಂದುವ ಮೂರು ನಾಲ್ಕು ಕುಟುಂಬಗಳನ್ನು ಈಗಲೇ ಹುಡುಕಲಿ. ಗುಂಪು ಮನೆ ಆರಂಭಿಸಲು ಎರಡು ಮೂರು ವರ್ಷ ಬೇಕು. ಹಳ್ಳಿಯಲ್ಲಿದ್ದು ಹಗಲು ಕೇಂದ್ರವೇ ಇಲ್ಲದವರ ಪಾಲಿಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ವಾರಕ್ಕೆ ಎರಡು ದಿನವಾದರೂ ಪಂಚಾಯತಿನ ಕಟ್ಟಡದಲ್ಲೋ ಭಜನಾ ಮಂದಿರದಲ್ಲೋ ನಾಲ್ಕು ಮನೆಯವರು ಸೇರಿ ಶುರುಮಾಡುವುದು, ಅದನ್ನು ತೋರಿಸಿ ಅನುದಾನ ಕೇಳುವುದು ನಾನು ಕಂಡ ಒಂದೇ ದಾರಿ.

ಎಲ್ಲಕ್ಕಿಂತ ಮೊದಲು, ಯಾರ ಬಗ್ಗೆ ತೀರ್ಮಾನವೋ ಅವರನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿ. ಮಾತಾಡಲು ಬಾರದವರೂ ಉತ್ತರ ಕೊಡುತ್ತಾರೆ. ಅಲ್ಲಿ ಉಂಡರೇ, ಚಪ್ಪಲಿ ಬಿಚ್ಚಿ ಕುಳಿತರೇ, ಮರುದಿನ ಬೆಳಗ್ಗೆ ಚೀಲ ಎತ್ತಿಕೊಂಡರೇ ಎಂದು ನೋಡಿದರೆ ಸಾಕು. ಮೇ ತಿಂಗಳಲ್ಲಿ ನೋಡಿ ಮೆಚ್ಚಿದ ಕೇಂದ್ರವನ್ನು ಜುಲೈ ತಿಂಗಳ ಒಂದು ಸಂಜೆ, ಮುಂಚಿತವಾಗಿ ಹೇಳದೆ, ಇನ್ನೊಮ್ಮೆ ನೋಡಿ ಬನ್ನಿ: ಬಟ್ಟೆ ಒಣಗಿದೆಯೇ, ಹಾಸಿಗೆಯ ವಾಸನೆ ಏನು, ಕರೆಂಟು ಹೋದಾಗ ಯಾರು ಯಾರ ಪಕ್ಕದಲ್ಲಿದ್ದಾರೆ, ಐದಕ್ಕೆ ಬಿಡಬೇಕಾದ ವ್ಯಾನು ಆರಕ್ಕಾದರೂ ಹೊರಟಿದೆಯೇ.